ಬರೆದ ಬಾಗಿಲು

ಬಡಾವಣೆ ಸುಧಾರಣಾ ಕಚೇರಿಯ ಮುಖ್ಯಸ್ಥೆ ಶ್ರೀಮತಿ ವಿಟ್‌ಕೋಂಬ್ ಅವರಿಗೆ, ಮೆಲ್ವಿನ್ ಬೀದಿಯ ಅರ್ಲೀನ್ ಟಬ್ಸ್ ಮಾಡುವ ನಮಸ್ಕಾರ.

ನಮ್ಮ ಬೀದಿಯ ಖಾಲಿ ಮನೆಗಳ ಕಿಟಕಿ, ಬಾಗಿಲು ಮುಚ್ಚಿ ಹಲಗೆ ಹೊಡೆಸಿ, ಆ ಹಲಗೆಗಳ ಮೇಲೆ ಕಿಟಕಿ, ಪರದೆ, ಬಾಗಿಲುಗಳ ಚಿತ್ರ ಬರೆಸಿದ್ದೀರಿ. ಕಾರಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಪೇಂಟರ್ ನನ್ನ ಕಿಟಕಿಗೂ ಹಲಗೆ ಹಿಡಿದು ಏಣಿ ಹತ್ತಿದ್ದ. “ಅಯ್ಯೋ, ಒಳಗೆ ಜನ ಇದ್ದೀರಾ?” ಅಂದ. “ಇಲ್ಲಪ್ಪ, ಕಾಫಿ ಕುಡೀತಿರೋದು ನನ್ನ ದೆವ್ವ,” ಅಂದೆ. ಹೋಗಲಿ, ಅದಕ್ಕಾಗಿ ಬರೆಯುತ್ತಿಲ್ಲ.

ಪಕ್ಕದ ಮನೆಯ ಲೊರೆಟ್ಟಾಳನ್ನು, ರಿಪೇರಿ ಮುಗಿದ ಮೇಲೆ ಕರೆಸುತ್ತೇವೆಂದು ಹೇಳಿ ಊರಾಚೆಗೆ ಕಳಿಸಿದವರು ನೀವು. ಅವಳ ಮನೆಯ ಚಾವಣಿ ಈಗ ಅಡುಗೆಮನೆಯೊಳಗೆ ಬಿದ್ದಿದೆ. ಪೇಪರಿನಲ್ಲಿ ಬೀದಿಯ ಫೋಟೋ ನೋಡಿ ಅವಳು ನಿನ್ನೆ ಫೋನ್ ಮಾಡಿದಳು: “ಅರ್ಲೀನ್, ನನ್ನ ಮನೆಗೆ ಹಳದಿ ಪರದೆ ಹಾಕ್ಸಿದ್ದಾರೆ ಕಣೇ! ಬಾಗಿಲೂ ಹೊಸದು! ಗುರುವಾರ ಬಸ್ಸಿಗೆ ಬರ್ತೀನಿ. ಬೀಗದ ಕೈ ನನ್ನ ಹತ್ರಾನೇ ಇದೆ.”

“ಬಾರೇ,” ಅಂದುಬಿಟ್ಟೆ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅದು ಬರೀ ಚಿತ್ರ ಕಣೇ ಅಂತ ಹೇಳಲು ಫೋನ್ ಎತ್ತುತ್ತೇನೆ, ಇಡುತ್ತೇನೆ.

ಒಂದೇ ಕೋರಿಕೆ. ಗುರುವಾರ ಬೆಳಿಗ್ಗೆ ನೀವು ಬಂದು ಅವಳ ಮೆಟ್ಟಿಲ ಮೇಲೆ ಕಾದು ಕೂತಿರಿ. ಅವಳು ಹೋದಾಗಿನಿಂದ ಶನಿವಾರ ಶನಿವಾರ ನನ್ನ ಮೆಟ್ಟಿಲ ಜೊತೆ ಅದನ್ನೂ ಉಜ್ಜಿ ಬೆಳ್ಳಗಿಟ್ಟಿದ್ದೇನೆ, ನಿಮ್ಮ ಬಟ್ಟೆ ಕೊಳೆಯಾಗುವುದಿಲ್ಲ. ಅವಳು ಬೀಗದ ಕೈ ತೆಗೆದಾಗ, ಅದನ್ನು ಎಲ್ಲಿ ಹಾಕಬೇಕೆಂದು ನೀವೇ ತೋರಿಸಿ.

ಒಳಗೆ ಜನ ಇರುವ ಮನೆಯಿಂದ,
ಅರ್ಲೀನ್ ಟಬ್ಸ್