ಒಲೆಗೊಬ್ಬಳು ಬೇಕುಗಾರ್ತಿ

ಗೂಡಿನಹುಂಡಿ, ಪಿರಿಯಾಪಟ್ಟಣದ ಸೀಮೆ
ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು, ಫೆಬ್ರವರಿ ಮೂವತ್ತು

ಹಿಂದಿನ ಕಾಲದವರೇ,

ತಾರೀಕು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತು ಇಲ್ಲ ಅಂತ ನನಗೂ ಗೊತ್ತು. ಆರೋಗ್ಯದ ಎಣಿಕೆಗೆ ಒಂದು ಪೂರ್ತಿ ದಿನ ಬೇಕು, ಅವತ್ತು ಯಾರೂ ಮನೆ ಬಿಟ್ಟು ಕೆಲಸಕ್ಕೆ ಹೋಗಬಾರದು ಅಂತ ಸರ್ಕಾರ ಈ ದಿನವನ್ನು ಎಲ್ಲಿಂದಲೋ ತಂದು ಕೂಡಿಸಿದೆ. ಇಪ್ಪತ್ತೊಂಬತ್ತು ಇಲ್ಲದ ವರ್ಷವೂ ನಮಗೆ ಮೂವತ್ತು ಇರುತ್ತದೆ. ಹೇಗೆ ಅಂತ ನನ್ನನ್ನು ಕೇಳಬೇಡಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಪೂರ್ತಿ ಆಗಲಿಲ್ಲ. ನನ್ನ ಬರಹದಲ್ಲಿ ನಿಮಗೆ ತಿಳಿಯದ ಮಾತು ಬಂದರೆ ಕ್ಷಮೆ ಇರಲಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳುವ ತಾಳ್ಮೆ ನನಗಿಲ್ಲ, ಗಮನ ಕೊಟ್ಟು ಓದಿ.

ಈ ಕಾಗದ ನಿಮಗೆ ಮುಟ್ಟುತ್ತದೋ ಇಲ್ಲವೋ ನಾನು ಕಾಣೆ. ನಮ್ಮೂರಿನ ಹೊರಗೆ ಒಂದು ಬ್ಯಾರನ್ ಉಳಿದಿದೆ, ನಿಮ್ಮ ಕಾಲದಲ್ಲಿ ಹೊಗೆಸೊಪ್ಪು ನೇತುಹಾಕಿ ಬೇಯಿಸುತ್ತಿದ್ದ ಕೋಣೆ. ಮಾಡು ಅರ್ಧ ಬಿದ್ದಿದೆ. ಅದರ ಉರಿಗೂಡಿನಲ್ಲಿ ಕಾಗದ ಇಟ್ಟರೆ ಮಾರನೇ ದಿನ ಇರುವುದಿಲ್ಲ. ಇಲಿ ತಿಂದರೆ ಚೂರಾದರೂ ಬೀಳಬೇಕಲ್ಲ? ಚೂರಿಲ್ಲ, ಬೂದಿ ಇಲ್ಲ. ಎಲ್ಲಿಗೋ ಹೋಗುತ್ತದೆ. ಮುಂದಕ್ಕಂತೂ ಹೋಗಲಾರದು. ಮುಂದೆ ಇರುವವರಿಗೆ ಕಾಗದ ಒಡೆದು ಓದಬೇಕು ಅನ್ನಿಸುವುದಿಲ್ಲ.

ನನ್ನ ಹೆಸರು ನಿಂಗಾಜಮ್ಮ. ವಯಸ್ಸು ಎಪ್ಪತ್ತೆಂಟು. ನಾನು ಈ ಮನೆಯ ಬೇಕುಗಾರ್ತಿ. ಹಾಗೆಂದರೆ ಏನು ಅಂತ ಹೇಳುವ ಮೊದಲು ಬಿಲ್ಲೆಯ ವಿಷಯ ಹೇಳಬೇಕು.

ಬೀಡಿ ಸಿಗರೇಟಿಗೆ ಬದಲಾಗಿ ನೀವು ಏನೇನೋ ಮಾಡಿದಿರಿ. ಹಬೆ ಎಳೆಯುವ ಕಡ್ಡಿ ಮಾಡಿದಿರಿ, ಅಗಿಯುವ ಗೋಂದು ಮಾಡಿದಿರಿ, ತೋಳಿಗೆ ಅಂಟಿಸುವ ಪಟ್ಟಿ ಮಾಡಿದಿರಿ. ಅವೆಲ್ಲ ಮುಗಿದ ಮೇಲೆ ಬಂದದ್ದು ಬಿಲ್ಲೆ. ಹಲಸಿನ ಬೀಜದ ಸಿಪ್ಪೆಯಷ್ಟು ತೆಳ್ಳಗೆ ಇರುತ್ತದೆ. ಕಿವಿಯ ಹಿಂದೆ ಅಂಟಿಸಿದರೆ ಎಂಟು ದಿನದಲ್ಲಿ ಚರ್ಮದೊಳಗೆ ಸೇರಿಕೊಳ್ಳುತ್ತದೆ. ಹೊಗೆ ಇಲ್ಲ, ವಾಸನೆ ಇಲ್ಲ, ನೋವಿಲ್ಲ. ಬೀಡಿಯ ಆಸೆ ಹುಟ್ಟುವ ಜಾಗದಲ್ಲೇ ಅದನ್ನು ಒರೆಸಿಬಿಡುತ್ತದೆ. ನಾನು ಬಿಲ್ಲೆಯನ್ನು ಬೈಯಲು ಕೂತಿಲ್ಲ, ಇದ್ದದ್ದು ಇದ್ದಂತೆ ಹೇಳುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ಎದೆರೋಗದ ವಾರ್ಡು ಮುಚ್ಚಿ ನಲವತ್ತು ವರ್ಷವಾಯಿತು. ಕೆಮ್ಮು ಅಂದರೆ ಏನು ಅಂತ ನನ್ನ ಮೊಮ್ಮಕ್ಕಳಿಗೆ ನಾನು ಕೆಮ್ಮಿ ತೋರಿಸಬೇಕು.

ಆದರೆ ಬೀಡಿಯ ಆಸೆ ಯಾವುದು, ಬಾಯಾರಿಕೆ ಯಾವುದು ಅಂತ ಆ ಬಿಲ್ಲೆಗೆ ಹೇಗೆ ಗೊತ್ತಾಗಬೇಕು? ಎರಡೂ ಒಂದೇ ದಾರಿಯಲ್ಲಿ ಬರುತ್ತವಂತೆ. ಮೊದಲು ಬೀಡಿಯ ಆಸೆ ಹೋಯಿತು. ಜನ ಸಂತೋಷಪಟ್ಟರು. ಆಮೇಲೆ ಹೆಂಡ, ಆಮೇಲೆ ಎಲೆಯಡಿಕೆ, ಆಮೇಲೆ ಸಿಹಿ. ಇನ್ನೂ ಸಂತೋಷಪಟ್ಟರು. ಸೇದುವವರ ಪಕ್ಕ ಮಲಗುವವರಿಗೂ ಕೊಡಿ ಅಂದರು, ಅವರ ಮಕ್ಕಳಿಗೂ ಕೊಡಿ ಅಂದರು. ಒಂದು ದಿನ ನೋಡುತ್ತೇವೆ, ಊರಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುತ್ತಿಲ್ಲ.

ನೀವು ನಮ್ಮೂರಿಗೆ ಬಂದರೆ ಮೊದಲು ನಿಮ್ಮ ಕಿವಿಗೆ ಬಡಿಯುವುದು ಸದ್ದಿಲ್ಲದಿರುವಿಕೆ. ಬೀದಿಯಲ್ಲಿ ಮಾರುವವರು ಕೂಗುವುದಿಲ್ಲ, ಕೊಳ್ಳುವ ಆಸೆಯೇ ಇಲ್ಲದ ಮೇಲೆ ಕೂಗಿ ಏನು? ಮಕ್ಕಳು ಹಟ ಮಾಡುವುದಿಲ್ಲ. ಎಳೆಕೂಸುಗಳು ಹಾಲಿಗೆ ಅಳುವುದಿಲ್ಲ. ಅದಕ್ಕೇ ಪಂಚಾಯ್ತಿ ಕಟ್ಟೆಯಿಂದ ದಿನಕ್ಕೆ ಎಂಟು ಸಲ ಹಾಲಿನ ಗಂಟೆ ಹೊಡೆಯುತ್ತಾರೆ. ಗಂಟೆ ಕೇಳಿದ ತಾಯಂದಿರೆಲ್ಲ ಒಟ್ಟಿಗೆ ಕೂಸನ್ನು ಎತ್ತಿಕೊಂಡು ಎದೆಗೆ ಹಿಡಿಯುತ್ತಾರೆ. ಕೂಸು ಕುಡಿಯುತ್ತದೆ. ಸಾಕು ಅಂತ ಬಾಯಿ ಬಿಡುವುದೂ ಇಲ್ಲ, ಇನ್ನೊಂದು ಗಂಟೆ ಹೊಡೆದಾಗ ತಾಯಿಯೇ ಬಿಡಿಸಬೇಕು. ಹೋದ ವರ್ಷ ಹುಣಸೂರಿನ ಕಡೆಯಿಂದ ಒಂದು ಬೀದಿನಾಯಿ ಬಂದಿತ್ತು. ಹಿಂದಿನ ಬೀದಿಯ ಪುಟ್ಟಾಜಿಯ ಮನೆ ಮುಂದೆ ಕೂತು, ಮುಂಗಾಲು ಎತ್ತಿ, ಬಾಲ ಅಲ್ಲಾಡಿಸಿ ರೊಟ್ಟಿ ಬೇಡಿತು. ಊರಿಗೆ ಊರೇ ಸುತ್ತ ನಿಂತು ಅದನ್ನು ನೋಡಿತು. ಯಾರೂ ಮಾತಾಡಲಿಲ್ಲ, ಯಾರೂ ಓಡಿಸಲಿಲ್ಲ, ಯಾರೂ ರೊಟ್ಟಿ ಹಾಕಲಿಲ್ಲ. ಬರೀ ನೋಡಿದರು. ಆ ನಾಯಿ ಒಬ್ಬೊಬ್ಬರ ಮುಖ ನೋಡುತ್ತ ಹೋಗಿ, ಕೊನೆಗೆ ಹೆದರಿ, ಬಾಲ ಮುದುರಿಕೊಂಡು ಓಡಿಹೋಯಿತು.

ಹೀಗಾದ ಮೇಲೆ ಬದುಕು ನಡೆಯಬೇಕಲ್ಲ? ಅಡುಗೆ ಮಾಡಬೇಕು, ಬಿತ್ತಬೇಕು, ಮದುವೆ ಆಗಬೇಕು. ಇದನ್ನೆಲ್ಲ ಯಾರಾದರೂ ಬೇಕು ಅನ್ನಬೇಕು. ಅದಕ್ಕೆ ಸರ್ಕಾರ ಒಂದೊಂದು ಒಲೆಗೆ ಒಬ್ಬರನ್ನು ಬಿಲ್ಲೆಯಿಲ್ಲದೆ ಬಿಟ್ಟಿದೆ. ಮನೆಯವರೆಲ್ಲರ ಪರವಾಗಿ ಹಸಿಯುವವರು, ಬಯಸುವವರು, ಸಿಟ್ಟಾಗುವವರು ಅವರೇ. ಅವರೇ ಬೇಕುಗಾರರು. ನಮ್ಮ ಒಲೆಯಲ್ಲಿ ಹನ್ನೊಂದು ಜನ. ಹನ್ನೊಂದು ಹೊಟ್ಟೆಯ ಹಸಿವು ನಾನೊಬ್ಬಳೇ ಹಸಿಯುತ್ತೇನೆ. ನನ್ನ ಮೂಗಿನ ತುದಿಯಲ್ಲಿ ಯಾಕೆ ಸಿಟ್ಟು ಅಂತ ಈಗ ತಿಳಿಯಿತಾ? ಹನ್ನೊಂದು ಜನರ ಸಿಟ್ಟು ಅದು.

ಇದರ ಬೇರು ನಿಮ್ಮ ಮನೆ ಬಾಗಿಲಲ್ಲೇ ಇದೆ. ನಿಮ್ಮ ಕಾಲದಲ್ಲಿ ಎಣಿಕೆಯವರು ಮನೆಮನೆಗೆ ಬಂದು ಕೇಳುತ್ತಿದ್ದರಂತೆ: ಮೊದಲು ಏನು ಬೇಕು, ಕುಡಿಯುವ ನೀರೋ, ಹೆರಿಗೆ ಕೋಣೆಯೋ, ಸೇದುವುದು ಬಿಡಿಸುವ ಹೊಸ ಸಾಮಾನೋ? ನೀವು ಒಲೆ ಮೇಲೆ ಹಾಲಿಟ್ಟು ಬಂದವರು, ಬಸ್ಸಿಗೆ ಹೊರಟವರು, “ಯಾವುದಾದರೂ ಹಾಕ್ಕೊಳಿ ಸಾರ್” ಅಂದಿರಿ. “ಒಳಗಿರೋರನ್ನೂ ಕೇಳಬೇಕಿತ್ತು” ಅಂತ ಪಾಪ ಅವರು ಹೇಳಿದರೆ, “ಅವರದ್ದೂ ನಾನೇ ಹೇಳ್ತೀನಿ ಬರ್ಕೊಳಿ, ಅವರಿಗೇನ್ ಗೊತ್ತಾಗುತ್ತೆ” ಅಂದಿರಿ. ಮನೆಗೊಬ್ಬರು ಹೇಳಿ ಹೇಳಿ ಅದೇ ವಾಡಿಕೆ ಆಯಿತು, ವಾಡಿಕೆಯೇ ಕಾನೂನು ಆಯಿತು. ಅದಕ್ಕೆ ಒಲೆ ಒಪ್ಪಿಗೆ ಅಂತ ಹೆಸರು.

ನಾನೂ ನಿಮ್ಮ ಹಾಗೇ ಮಾಡಿದವಳು. ಅದನ್ನು ಮುಚ್ಚಿಡುವುದಿಲ್ಲ. ನಮ್ಮೂರಿಗೆ ಬಿಲ್ಲೆ ತಡವಾಗಿ ಬಂತು, ಈಗ್ಗೆ ಐವತ್ತೆರಡು ವರ್ಷದ ಹಿಂದೆ. ನನ್ನ ಗಂಡ ಕೆಂಡಗಣ್ಣ ಬೀಡಿ ಸೇದುತ್ತಿದ್ದ. ಮೂವತ್ತೊಂದು ವರ್ಷಕ್ಕೇ ಎದೆ ಬಿರಿಯುವ ಹಾಗೆ ಕೆಮ್ಮುತ್ತಿದ್ದ. ಹೀಗೇ ಸೇದಿದರೆ ಎರಡು ವರ್ಷ ಅಂತ ಡಾಕ್ಟರು ಹೇಳಿದ್ದರು. ಎಣಿಕೆಯವರು ಬಾಗಿಲಿಗೆ ಬಂದಾಗ ಅವನು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಕೂಗಿದರೆ ಕೇಳುವಷ್ಟು ದೂರ. “ಯಾರಮ್ಮಿ ಬಂದಿರೋದು?” ಅಂತ ಅವನೇ ಕೇಳಿದ. “ನಿಂಗಲ್ಲ, ನೀನು ಸೌದೆ ಒಡಿ” ಅಂದೆ. ಅವರ ಕಡೆ ತಿರುಗಿ, ಹೂಂ, ಬಿಲ್ಲೆ ಹಾಕಿ, ಇಬ್ಬರ ಮಾತೂ ಇದೇ ಅಂದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದ. ಅದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಎಂಟನೇ ದಿನಕ್ಕೆ ಕೆಮ್ಮು ನಿಂತಿತು. ನಾನು ದೇವರಿಗೆ ಕೈಮುಗಿದೆ. ತಿಂಗಳು ಕಳೆಯುವುದರೊಳಗೆ ಅವನು ಕಾಫಿ ಕೇಳುವುದು ನಿಲ್ಲಿಸಿದ. ಕೊಟ್ಟರೆ ಕುಡಿಯುತ್ತಿದ್ದ. ಮುಂಚೆ ಸಂಜೆಯಾದರೆ, “ನಿಂಗಾಜಿ, ಬಾರೆ ಇಲ್ಲಿ, ಸ್ವಲ್ಪ ಕೂತ್ಕೋ” ಅಂತ ಜಗಲಿಗೆ ಕರೆಯುತ್ತಿದ್ದ. ಅದೂ ನಿಂತಿತು. ನಾನೇ ಹೋಗಿ ಪಕ್ಕ ಕೂತರೆ ಎದ್ದು ಹೋಗುತ್ತಿರಲಿಲ್ಲ, ಅಷ್ಟೇ. ಮಕ್ಕಳು ಬೇಕು ಅಂತ ನಾನೇ ಹೇಳಿದೆ. ಆಯ್ತು ಅಂದ. ಇಬ್ಬರು ಗಂಡುಮಕ್ಕಳಾದರು. ಈಗ ಅವನಿಗೆ ಎಂಬತ್ತಮೂರು. ಕಲ್ಲುಗುಂಡಿನ ಹಾಗಿದ್ದಾನೆ, ಒಂದು ದಿನ ಜ್ವರ ಬಂದಿಲ್ಲ. ಬಿಲ್ಲೆ ಹಾಕದಿದ್ದರೆ ಅವನು ಆಗಲೇ ಸತ್ತಿರುತ್ತಿದ್ದ, ಅದು ಸತ್ಯ. ಐವತ್ತೆರಡು ವರ್ಷದಿಂದ ಅವನು ನನ್ನನ್ನು ಒಂದು ಲೋಟ ನೀರು ಕೇಳಿಲ್ಲ, ಅದೂ ಸತ್ಯ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನು ಮುದುಕಿಯಾದೆ.

ಈಗ ಇವತ್ತಿನ ಮಾತಿಗೆ ಬರುತ್ತೇನೆ. ನನ್ನ ಮೊಮ್ಮಗಳು ಹೊನ್ನಾಜಿ ಬಾಣಂತನಕ್ಕೆ ಬಂದಿದ್ದಾಳೆ, ಎಂಟು ತಿಂಗಳು ತುಂಬಿದೆ. ಹುಟ್ಟಿದಾಗಿನಿಂದ ಬಿಲ್ಲೆ ಇರುವ ಹುಡುಗಿ, ತಾನಾಗಿ ಒಂದು ಉಪ್ಪಿನಕಾಯಿ ಹೋಳು ಎತ್ತಿಕೊಂಡವಳಲ್ಲ. ಹದಿನೈದು ದಿನದ ಹಿಂದೆ ನಾನು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಪಕ್ಕ ಬಂದು ನಿಂತಳು. “ಅಜ್ಜಿ, ಅದು ನಂಗೆ ಬೇಕು” ಅಂದಳು. ಕೈಯಲ್ಲಿದ್ದ ಹಣ್ಣು ಬಿದ್ದುಹೋಯಿತು. ಬಿಲ್ಲೆ ಬಂದ ಮೇಲೆ ನನ್ನ ಒಲೆಯಲ್ಲಿ ನನ್ನದಲ್ಲದ ಬಾಯಿಂದ ಆ ಮಾತನ್ನು ನಾನು ಕೇಳಿಯೇ ಇರಲಿಲ್ಲ. “ಯಾರಿಗೆ ಬೇಕು?” ಅಂದೆ. “ಗೊತ್ತಿಲ್ಲ ಅಜ್ಜಿ, ಒಳಗಿಂದ ಬರ್ತಿದೆ” ಅಂದು ಹೊಟ್ಟೆ ಮುಟ್ಟಿಕೊಂಡು ಅಳತೊಡಗಿದಳು. ಹೆದರಿದ್ದಳು. ಹಿಂದಿನ ಕಾಲದವರೇ, ನಿಮಗೆ ಇದು ಏನು ಅಂತ ಗೊತ್ತು. ಬಸುರಿಯ ಬಯಕೆ. ನಿಮ್ಮಲ್ಲಿ ಅದಕ್ಕೆ ತವರಿನವರು ಬುತ್ತಿ ಕಟ್ಟಿ ತರುತ್ತಿದ್ದರಂತೆ. ನಮ್ಮಲ್ಲಿ ಅದು ರೋಗದ ಗುರುತು. ಕಂಡ ಮೂರು ದಿನದೊಳಗೆ ಬೇಕುಗಾರ್ತಿ ವರದಿ ಕೊಡಬೇಕು. ಕೊಟ್ಟರೆ ಎರಡನೇ ಬಿಲ್ಲೆ ಹಾಕುತ್ತಾರೆ, ಅದನ್ನು ಹೊಟ್ಟೆಯ ಮೇಲೆ. ನಾನು ಕೊಡಲಿಲ್ಲ. ಹಿತ್ತಲ ಬಾಗಿಲು ಹಾಕಿಕೊಂಡು ಹುಣಸೆಹಣ್ಣು ತಿನ್ನಿಸಿದೆ, ಉಪ್ಪು ಸವರಿ. ಚಪ್ಪರಿಸಿದಳು. ಆ ಕೂಸು ಹುಟ್ಟಿದಾಗ ಗಂಟೆಗೆ ಕಾಯದೆ ಹಾಲಿಗೆ ಅಳಬೇಕು. ಈ ವಯಸ್ಸಿನಲ್ಲಿ ನನಗಾಗಿ ನಾನು ಬೇಕು ಅಂದದ್ದು ಇದೊಂದನ್ನೇ.

ಈ ವರ್ಷದ ಎಣಿಕೆಯ ಪ್ರಶ್ನೆ ಬೇಕುಪೆಟ್ಟಿಗೆಯದ್ದು. ಗೋಡೆಗೆ ನೇತುಹಾಕುವ ಹೊಸ ಸಾಮಾನು. ಮನೆಗೆ ಏನು ಬೇಕು ಅಂತ ಅದೇ ತಿಳಿದುಕೊಂಡು ಅದೇ ಹೇಳುತ್ತದಂತೆ. ಬೇಕುಗಾರರು ಎದೆನೋವಿನಿಂದ ಬೇಗ ಸಾಯುತ್ತಿದ್ದಾರೆ, ಅವರಿಗೂ ಬಿಲ್ಲೆ ಹಾಕಿ ವಿಶ್ರಾಂತಿ ಕೊಡೋಣ ಅಂತ ಯೋಜನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಇಲ್ಲ ಅನ್ನುವುದಿಲ್ಲ. ಅಕ್ಕಪಕ್ಕದ ಊರಿನ ಬೇಕುಗಾರರೆಲ್ಲ ದಣಿದು ಹೂಂ ಅಂದಿದ್ದಾರೆ. ಪೆಟ್ಟಿಗೆ ಮನೆಯೊಳಗೆ ಬಂದರೆ ಹೊನ್ನಾಜಿಯ ಬಯಕೆ ಒಂದು ದಿನವೂ ಬಚ್ಚಿಡಲಾಗದು. ಬೇಡ ಅಂದ ಒಲೆಗೆ ಪೆಟ್ಟಿಗೆ ಬರುವುದಿಲ್ಲ. ನಾನೊಬ್ಬಳು ಬೇಡ ಅಂದಿದ್ದರೆ ಮುಗಿಯುತ್ತಿತ್ತು.

ಬೆಳಗ್ಗೆ ಎಣಿಕೆಯ ವನಮಾಲಾ ಬಂದಳು. ಒಳ್ಳೆಯ ಹೆಂಗಸು, ಮೆಲ್ಲಗೆ ಮಾತಾಡುತ್ತಾಳೆ. “ಅಮ್ಮಾ, ನಿಮ್ಮ ಒಲೆ ಏನನ್ನುತ್ತೆ?” ಅಂದಳು. ಬೇಡ ಅನ್ನಲು ಬಾಯಿ ತೆರೆದೆ. ಆಗ ಹಿತ್ತಲಿಂದ ಸೌದೆ ಒಡೆಯುವ ಸದ್ದು ಕೇಳಿಸಿತು. ಕೆಂಡಗಣ್ಣನೇ. ನನಗೆ ಏನಾಯಿತೋ. ಹೊನ್ನಾಜಿಯ ಒಳಗೆ ಉಳಿದದ್ದು ಇವನೊಳಗೂ ಒಂದು ಚೂರು ಉಳಿದಿರಬಹುದು, ಯಾರೂ ಕೇಳಿಲ್ಲ, ಅದಕ್ಕೆ ಅವನು ಹೇಳಿಲ್ಲ ಅನ್ನಿಸಿತು. “ನನ್ನದು ಬೇಡ. ಮಿಕ್ಕವರದ್ದು ಅವರವರನ್ನೇ ಕೇಳು” ಅಂದೆ. ವನಮಾಲಾ ಗಾಬರಿಯಾದಳು. “ಹಾಗೆ ಮಾಡಿದರೆ ಆಮೇಲೆ ತಲೆಯೆಣಿಕೆ ಆಗುತ್ತಮ್ಮ, ನಿಮ್ಮ ಒಂದು ಮಾತು ನಿಲ್ಲಲ್ಲ” ಅಂತ ಎರಡು ಸಲ ಎಚ್ಚರಿಸಿದಳು. “ಕೇಳು ಅಂದ್ನಲ್ಲ, ಕಿವಿ ಕೇಳಿಸಲ್ವಾ?” ಅಂತ ಗದರಿಕೊಂಡೆ.

ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಕೇಳಿದಳು. ದೊಡ್ಡ ಮಗ ಆಯ್ತು ಅಂದ. ಚಿಕ್ಕವನು ಆಯ್ತು ಅಂದ. ಸೊಸೆಯರು, ಮೊಮ್ಮಕ್ಕಳು, ಎಲ್ಲರೂ ಒಂದೇ ದನಿಯಲ್ಲಿ ಆಯ್ತು. ಕೆಂಡಗಣ್ಣನ ಸರದಿ ಬಂತು. ಅವನು ನನ್ನ ಕಡೆ ನೋಡಿದ. ನಾನು ಕೂತಲ್ಲಿಂದಲೇ ಅವನ ಕಡೆಗೆ ಬಾಗಿದೆ. ಏನೋ ಹುಡುಕುತ್ತಿದ್ದವನ ಹಾಗೆ ತುಟಿ ಅಲುಗಿತು. ಆಮೇಲೆ, ಕಾಫಿ ಲೋಟ ತೆಗೆದುಕೊಳ್ಳುವಾಗ ಅನ್ನುತ್ತಾನಲ್ಲ, ಅದೇ ದನಿಯಲ್ಲಿ, ಆಯ್ತು ಅಂದ.

ಹೊನ್ನಾಜಿಗೆ ಮೊದಲೇ ಹೇಳಿಟ್ಟಿದ್ದೆ, ಯಾರೇನು ಕೇಳಿದರೂ ಆಯ್ತು ಅನ್ನು ಅಂತ. ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು. “ಬೇಡ. ನಂಗೆ ಬೇಡ. ಇದಕ್ಕೂ ಬೇಡ” ಅಂದಳು. ಯಾರೂ ತಿರುಗಿ ನೋಡಲಿಲ್ಲ. ವನಮಾಲಾ ಮಾತ್ರ ಬರೆಯುವುದು ನಿಲ್ಲಿಸಿ, ಹತ್ತಿರ ಹೋಗಿ, ಅವಳ ಹಣೆ ಮುಟ್ಟಿ, ಜ್ವರದವರನ್ನು ಕೇಳುವ ಹಾಗೆ ಕೇಳಿದಳು: “ಎಷ್ಟು ದಿನದಿಂದ ಹೀಗಿದೆಯಮ್ಮಾ?”

ಒಂಬತ್ತು ಆಯ್ತು, ಎರಡು ಬೇಡ. ಸೋಮವಾರ ಬರುತ್ತಾರೆ. ಪೆಟ್ಟಿಗೆ ಗೋಡೆಗೆ, ಎರಡನೇ ಬಿಲ್ಲೆ ಹೊನ್ನಾಜಿಯ ಹೊಟ್ಟೆಗೆ, ಒಂದು ಬಿಲ್ಲೆ ನನ್ನ ಕಿವಿಯ ಹಿಂದೆ.

ಒಬ್ಬಳೇ ಹೇಳಿ ಒಮ್ಮೆ ಕೆಟ್ಟೆ, ಎಲ್ಲರನ್ನೂ ಕೇಳಿ ಇನ್ನೊಮ್ಮೆ ಕೆಟ್ಟೆ. ಕೇಳಬೇಕಾದ ಹೊತ್ತಿನಲ್ಲಿ ಕೇಳದೆ, ಐವತ್ತೆರಡು ವರ್ಷ ಬಿಟ್ಟು ಕೇಳಿದೆ. ನಿಮಗಿನ್ನೂ ಆ ಹೊತ್ತು ಮೀರಿಲ್ಲ. ಹೊಸ ಸಾಮಾನು ತರಬೇಡಿ ಅಂತ ನಾನು ಹೇಳುತ್ತಿಲ್ಲ. ಬೀಡಿ ಒಳ್ಳೆಯದು ಅಂತಲೂ ಅಲ್ಲ, ಅದರ ಮನೆ ಹಾಳಾಗ. ಆದರೆ ಎಣಿಕೆಯವರು ಬಾಗಿಲಿಗೆ ಬಂದಾಗ ಒಳಗಿರುವವರನ್ನು ಕರೆಯಿರಿ. ಕೆಮ್ಮುವವನನ್ನೇ ಕರೆಯಿರಿ, ಅವನು ಬೇಡದ್ದನ್ನು ಹೇಳಿದರೂ ಪೂರ್ತಿ ಹೇಳಲು ಬಿಡಿ. ಆ ಬದಲಿ ಸಾಮಾನು ಹೊಗೆಯನ್ನು ತೆಗೆಯುವಾಗ ಅದರ ಜೊತೆಗೆ ಇನ್ನೇನನ್ನು ತೆಗೆಯುತ್ತದೆ ಅಂತ ಕೇಳಿ. ಉತ್ತರ ಸಿಗುವವರೆಗೆ ಬಾಗಿಲಿಂದ ಕದಲಬೇಡಿ. ಒಲೆ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ.

ಇನ್ನೊಂದು ಮಾತು, ಇದನ್ನು ಚೆನ್ನಾಗಿ ನೆನಪಿಡಿ. ಸೋಮವಾರದ ಮೇಲೆ ಇದೇ ಕೈಬರಹದಲ್ಲಿ ನಿಮಗೆ ಇನ್ನೊಂದು ಕಾಗದ ಬರಬಹುದು. ಕೂಸು ಹುಟ್ಟಿತು, ಗುಂಡುಗುಂಡಾಗಿದೆ, ಅಳುವುದೇ ಇಲ್ಲ, ನಾವೆಲ್ಲ ನೆಮ್ಮದಿಯಾಗಿದ್ದೇವೆ ಅಂತ ಅದರಲ್ಲಿ ಇರಬಹುದು. ಅದು ಸುಳ್ಳಾಗಿರುವುದಿಲ್ಲ. ನಿಜವಾಗಿಯೂ ನೆಮ್ಮದಿಯಾಗಿಯೇ ಇರುತ್ತೇವೆ.

ಆದರೂ ನಂಬಬೇಡಿ.

ಇವತ್ತಿನವರೆಗಿನ
ನಿಂಗಾಜಮ್ಮ