ಕಸದ ಲಾರಿಯ ಹಾಡು

ಈಚುನ್ ಅಕ್ಕ,

ಸ್ಕೂಟರನ್ನು ಗುಡಿಯ ಹತ್ತಿರವೇ ನಿಲ್ಲಿಸಿ ನಡೆದು ಬಾ. ಮೇಲ್ಸೇತುವೆ ಮುಚ್ಚಿದಾಗಿನಿಂದ ಅರ್ಧ ತೈಪೆ ನಮ್ಮ ಓಣಿಯಲ್ಲೇ ಹರಿಯುತ್ತಿದೆ. ಬಸ್ಸು ತೆವಳುವುದರಿಂದ ನಾನು ಪಾಠ ಹೇಳಲು ಈಗಲೇ ಹೊರಟೆ. ಗಂಜಿ ಕುಕ್ಕರಿನಲ್ಲಿದೆ, ಅಜ್ಜಿಗೆ ಆರಿಸಿ ಕೊಡು.

ಕಸದ ಲಾರಿ ಈಗ ಓಣಿಯೊಳಗೆ ಬರುವುದಿಲ್ಲ, ಮಾರುಕಟ್ಟೆಯ ಮೂಲೆಯಲ್ಲೇ ನಿಲ್ಲುತ್ತದೆ. ಆದರೆ ಅದರ ಹಾಡು ಮನೆಯವರೆಗೂ ಕೇಳಿಸುತ್ತದೆ. ನಮ್ಮ ಹೆಸರು ಮರೆತ ಅಜ್ಜಿ ಆ ಹಾಡನ್ನು ಮರೆತಿಲ್ಲ. ನಿನ್ನೆ ಸಂಜೆ ಅದು ಕೇಳಿಸಿದ್ದೇ, ಕಸದ ಚೀಲ ಹಿಡಿದು ಕಾರುಗಳ ನಡುವೆ ನುಗ್ಗಿದಳು. ಒಬ್ಬ ಬ್ರೇಕ್ ಒತ್ತಿ, "ಸಾಯೋಕೆ ನನ್ನ ಕಾರೇ ಬೇಕಿತ್ತೇನಜ್ಜಿ?" ಎಂದು ಕೂಗಿದ.

"ನಮ್ಮ ಓಣಿಗೆ ಬಂದು ನನ್ನನ್ನೇ ಕೇಳ್ತೀಯೇನೋ? ಯಾರ ಮಗನೋ ನೀನು?" ಎಂದಳು.

ಹೊಸ ವರ್ಷದ ಹಬ್ಬದಿಂದೀಚೆಗೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. ಸುತ್ತಲಿದ್ದವರು ನಕ್ಕರು. ಅವಳ ಮೊಣಕಾಲಿಗೂ ಬಂಪರಿಗೂ ನಡುವೆ ಒಂದು ಗೇಣು ಮಾತ್ರ ಇದ್ದದ್ದನ್ನು ನಾನು ನೋಡುತ್ತಿದ್ದೆ.

ಕಸದ ಚೀಲಗಳನ್ನು ಮಾಳಿಗೆಯಲ್ಲಿ ಬಚ್ಚಿಟ್ಟಿದ್ದೇನೆ. ಕತ್ತಲಾಗುವ ಮೊದಲೇ ಕಿಟಕಿ ಮುಚ್ಚಿ, ಟಿವಿ ಜೋರಾಗಿಡು. ಬಾಗಿಲಿಗೆ ಬೀಗ ಹಾಕಲೇಬೇಕು. ಅವಳು ಬಾಗಿಲು ಬಡಿದರೆ ಸಮಾಧಾನ ಹೇಳಲು ಹೋಗಬೇಡ, ಸುಮ್ಮನೆ ಪಕ್ಕದಲ್ಲಿ ಕೂತುಕೋ.

ಮೇಲ್ಸೇತುವೆ ತೆರೆಯಲು ಎರಡು ವರ್ಷ ಬೇಕಂತೆ. ಅಲ್ಲಿಯವರೆಗೆ ಅವಳು ಬದುಕಿರಬೇಕೆಂದರೆ, ಉಳಿದಿರುವ ಆ ಒಂದು ನೆನಪನ್ನೂ ನಾವೇ ಮರೆಸಬೇಕು.

ಜುನ್‌ಯಾನ್