ಮಾತು ಮುಗಿದ ಮೇಲೆ ಗುಂಡಿ ಬಿಡು

ಹೊಲಿಗೆ ಅಂಗಡಿಯ ಮಹಡಿ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಗಂಟಲು ಹೇಗಿದೆ? ಮೊದಲು ಅದನ್ನು ಬರೆ, ಉಳಿದದ್ದೆಲ್ಲ ಆಮೇಲೆ. ಫೋನ್ ಮಾಡಿದರೆ ಅತ್ತಿಗೆ ಎತ್ತಿಕೊಂಡು, ಎಲ್ಲ ಚೆನ್ನಾಗಿದೆ, ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ ಅಷ್ಟೇ ಎಂದು ಹೇಳಿ, ನಾನು ಇನ್ನೊಂದು ಪ್ರಶ್ನೆ ಕೇಳುವುದರೊಳಗೆ ಇಟ್ಟುಬಿಡುತ್ತಾರೆ. ಮೊದಲೆಲ್ಲ ನನ್ನ ಫೋನ್ ಬಂದರೆ ಒಲೆಯ ಮೇಲಿದ್ದದ್ದು ಸೀದುಹೋಗುವವರೆಗೂ ಮಾತಾಡುತ್ತಿದ್ದವರು ಅವರು. ಗಂಟಲಲ್ಲಿ ಒಂದು ಸಣ್ಣ ಗಂಟು, ಅದನ್ನು ಸುಟ್ಟು ತೆಗೆಯುತ್ತಾರೆ, ವಾರದೊಳಗೆ ಮನೆಗೆ ಎಂದು ನೀನು ಬರೆದದ್ದನ್ನು ನಂಬಿದ್ದೇನೆ. ನಂಬದೆ ಏನು ಮಾಡಲಿ? ಬಿಸಿನೀರು ಕುಡಿ. ಪಿಸುಮಾತು ಕೂಡ ಬೇಡ, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಕಷ್ಟ ಎಂದು ಪಕ್ಕದ ಔಷಧಿ ಅಂಗಡಿಯವರು ಹೇಳಿದರು. ಮೇಷ್ಟ್ರು, ಲೈನ್‌ಮನ್, ನಾನು ಮೂವರೂ ಇಲ್ಲಿ ಕ್ಷೇಮ. ಕ್ಷೇಮ ಅಂದರೆ ಕೈಕಾಲು ನೆಟ್ಟಗಿವೆ, ಅಷ್ಟೇ.

ಸುದ್ದಿ ಏನೆಂದರೆ, ದೋಣಿ ಹೊರಡುವುದು ಮುಂದಿನ ವಾರವಲ್ಲ, ಇದೇ ಗುರುವಾರ. ದೋಣಿಯ ಯಜಮಾನರು ಬೆಳಿಗ್ಗೆ ಅಂಗಡಿಗೇ ಬಂದಿದ್ದರು. ಮುಂದಿನ ವಾರ ಗಾಳಿ ಎದ್ದರೆ ದ್ವೀಪದ ಹತ್ತಿರ ದೋಣಿ ನಿಲ್ಲಿಸುವ ಹಾಗೇ ಇಲ್ಲವಂತೆ. ಹೋಗುವುದಾದರೆ ಗುರುವಾರ ಬೆಳಿಗ್ಗೆ, ಇಲ್ಲದಿದ್ದರೆ ಮುಂದಿನ ವರ್ಷ ಎಂದು ಹೇಳಿ, ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯದೆ ಎದ್ದರು. ಈ ಮುಂದಿನ ವರ್ಷ ಅನ್ನುವ ಮಾತನ್ನು ನಾವಿಬ್ಬರೂ ನನಗೆ ಬುದ್ಧಿ ಬಂದಾಗಿನಿಂದ ಹೇಳಿಕೊಂಡೇ ಬಂದಿದ್ದೇವೆ. ದ್ವೀಪಕ್ಕೆ ಇಳಿಯುವ ಪರವಾನಗಿಗೆಂದು ನೀನು ಕಚೇರಿಯ ಮೆಟ್ಟಿಲು ಸವೆಸಿದ್ದನ್ನು ನೆನೆಸಿಕೊಂಡು, ಗುರುವಾರವೇ ಆಗಲಿ ಅಂದುಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪಾದರೆ ಬೈದು ಬರೆ.

ಹೋಗುವ ಮುಂಚೆ ಯಜಮಾನರು ಒಂದು ಪ್ರಶ್ನೆ ಕೇಳಿದರು. "ಅಲ್ಲಿ ಜನ ಇಲ್ಲ, ಮರ ಇಲ್ಲ, ಕುಡಿಯೋ ನೀರೂ ಇಲ್ಲ. ನೀವು ಮೀನೂ ಹಿಡಿಯಲ್ಲ. ಮತ್ಯಾಕೆ ಹೋಗ್ತೀರಿ?" ನಾನು ನನಗೆ ತಿಳಿದ ಹಾಗೆ ಹೇಳಿದೆ. ಅಲ್ಲಿ ಕಂಬ ನೆಟ್ಟು, ತಂತಿ ಎಳೆದು, ನಾವಿಲ್ಲಿದ್ದೇವೆ ಎಂದು ರೇಡಿಯೊದಲ್ಲಿ ಕರೆಯುತ್ತೇವೆ. ಲೋಕದ ಮೂಲೆಮೂಲೆಯಿಂದ ನಮ್ಮಂಥ ಹುಚ್ಚರು ಓಗೊಡುತ್ತಾರೆ. ಅವರ ಗುರುತು ಅವರು ಹೇಳುತ್ತಾರೆ, ದನಿ ಎಷ್ಟು ಚೆನ್ನಾಗಿ ಕೇಳಿಸಿತು ಎಂದು ನಾವು ಹೇಳುತ್ತೇವೆ, ಅಲ್ಲಿಗೆ ಮುಗಿಯಿತು, ಮುಂದಿನವರು. ಯಜಮಾನರು ಗಡ್ಡ ಕೆರೆದುಕೊಂಡು, ಅಷ್ಟೇ ಮಾತಿಗೆ ಅಷ್ಟು ದೂರವಾ ಅಂದರು. ನೀನಿದ್ದಿದ್ದರೆ ಅವರನ್ನು ಕೂರಿಸಿಕೊಂಡು, ಅವರೇ ಒಂದು ರೇಡಿಯೊ ಕೊಳ್ಳುವ ಹಾಗೆ ಮಾಡುತ್ತಿದ್ದೆ. ನನಗೆ ನೆನಪಾದದ್ದು ನಮ್ಮ ಹಳೆಯ ಮನೆಯ ತಾರಸಿ. ಹೆಡ್‌ಫೋನನ್ನು ಅಗಲಿಸಿ ಒಂದು ಕಿವಿ ನಿನಗೆ, ಒಂದು ಕಿವಿ ನನಗೆ. ಭೂಪಟದಲ್ಲಿ ಹುಳ ಕೂತ ಹಾಗಿದ್ದ ಆ ದ್ವೀಪದ ಚುಕ್ಕೆಯ ಮೇಲೆ ನೀನು ಬೆರಳಿಟ್ಟು, "ಇಲ್ಲಿಂದ ಇನ್ನೂ ಯಾರೂ ಕರೆದಿಲ್ಲ ಗಿಣಿ, ಮೊದಲು ನಾವು ಕರೆಯೋಣ" ಅಂದಿದ್ದೆ. ಆ ಮಾತನ್ನು ದೋಣಿಯವರಿಗೆ ಹೇಗೆ ಬಿಡಿಸಿ ಹೇಳುವುದು?

ಅಂಗಡಿ ಈಗ ಅಂಗಡಿಯಾಗಿ ಉಳಿದಿಲ್ಲ. ಗಿರಾಕಿಗಳ ಬಟ್ಟೆಯೆಲ್ಲ ಒಂದು ಮೂಲೆ ಸೇರಿದೆ. ಟಾರ್ಪಾಲಿನ್ ಹೊಲಿದು ಹೊಲಿದು ಸೂಜಿಗಳು ಪಟಪಟ ಮುರಿಯುತ್ತಿವೆ. ಬ್ಯಾಟರಿಗೊಂದು ಚೀಲ, ರೇಡಿಯೊಗೊಂದು ಚೀಲ, ತಂತಿಯ ಸುರುಳಿಗೊಂದು. ಉಪ್ಪುನೀರು ಎಲ್ಲೆಲ್ಲಿ ನುಗ್ಗೀತು ಎಂದು ಪ್ರತಿ ಹೊಲಿಗೆಯ ಮೇಲೂ ಮೇಣ ತಿಕ್ಕಿದ್ದೇನೆ. ನಮ್ಮ ಲೈನ್‌ಮನ್ ತನ್ನ ಕೆಲಸ ಮುಗಿಸಿ ನೇರ ಇಲ್ಲಿಗೇ ಬಂದು ಜನರೇಟರಿನ ಹೊಟ್ಟೆ ಬಿಚ್ಚಿ ಕೂರುತ್ತಾನೆ. ನಮ್ಮ ವಿಜ್ಞಾನದ ಮೇಷ್ಟ್ರು ಶಾಲೆಗೆ ರಜೆ ಹಾಕಿ, ಸಾಮಾನಿನ ತೂಕ ನೋಡಿ ನೋಡಿ ತಮ್ಮ ಎರಡನೆಯ ಸ್ವೆಟರನ್ನೂ ಹೊರಗೆ ತೆಗೆದಿಟ್ಟಿದ್ದಾರೆ. ಬಟ್ಟೆ ಕತ್ತರಿಸುವ ಮೇಜಿನ ಮೇಲಿಂದ ಹಾಸಿಗೆಗೆ ಹಾರುವ ಅಭ್ಯಾಸ ನಡೆದಿದೆ. ಅಲ್ಲಿ ದೋಣಿ ಬಂಡೆಗೆ ತಾಗುವ ಹಾಗಿಲ್ಲವಲ್ಲ, ಅಲೆ ಎತ್ತಿದಾಗ ಅದರ ನೆತ್ತಿಯಲ್ಲೇ ಹೆಜ್ಜೆ ಹಾಕಬೇಕು. ಲೈನ್‌ಮನ್ ಮೇಜನ್ನು ಅಲ್ಲಾಡಿಸುತ್ತಾನೆ, ಅದೇ ಅಲೆ. ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ನಿಂತು ಪ್ರತಿ ಸಲವೂ ಅಲೆ ಹೋದಮೇಲೆ ಹಾರುತ್ತಾರೆ. ನಗು ಬರುತ್ತದೆ, ಮರುಕ್ಷಣವೇ ಆ ಬಂಡೆಗೂ ದೋಣಿಗೂ ನಡುವೆ ಅವರ ಕಾಲು ಕಣ್ಣಿಗೆ ಕಟ್ಟಿ ನಗು ನಿಂತುಹೋಗುತ್ತದೆ.

ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಭಾನುವಾರ ಶಾಲೆಯ ಆಟದ ಬಯಲಿನಲ್ಲಿ ಕಂಬ, ತಂತಿ ಎಲ್ಲವನ್ನೂ ಒಮ್ಮೆ ನಿಲ್ಲಿಸಿ ನೋಡಿದೆವು. ಕಂಬ ಮೇಲೇಳುವಾಗ ನಾನು ನನ್ನ ಹಗ್ಗ ಹಿಡಿದೆ, ಮೇಷ್ಟ್ರು ಅವರದ್ದು, ಲೈನ್‌ಮನ್ ಅವನದ್ದು. ಎತ್ತಿ ಅಂದೆ, ಎತ್ತಿದೆವು. ಅರ್ಧ ಎದ್ದ ಕಂಬ ಒಂದು ಕಡೆಗೆ ವಾಲಿ ಮೇಷ್ಟ್ರ ಭುಜದ ಪಕ್ಕದಲ್ಲೇ ಧಡಾರನೆ ಬಿತ್ತು. ಯಾರ ಹಗ್ಗ ಬಿಟ್ಟುಹೋಯಿತು ಎಂದು ನೋಡಿದರೆ, ಯಾರದ್ದೂ ಅಲ್ಲ. ನಾಲ್ಕನೆಯ ಹಗ್ಗ ಹುಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಅದು ನಿನ್ನ ಹಗ್ಗ ಅಣ್ಣಾ. ನೀನು ಬಂದಿಲ್ಲ ಎಂದು ನಮಗೆ ಗೊತ್ತಿತ್ತು, ನಮ್ಮ ಕೈಗಳಿಗೆ ಗೊತ್ತಿರಲಿಲ್ಲ. ಆಮೇಲೆ ಆ ಹಗ್ಗವನ್ನು ಮೊದಲೇ ಗೂಟಕ್ಕೆ ಬಿಗಿದು, ಮೂವರೇ ಎತ್ತುವುದನ್ನು ಸಂಜೆಯವರೆಗೂ ಕಲಿತೆವು. ಈಗ ಕಂಬ ನೆಟ್ಟಗೆ ನಿಲ್ಲುತ್ತದೆ.

ನನಗೆ ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮೊದಲು ಬಂಡೆಗೆ ಹಾರಿ ನಮ್ಮ ಕೈ ಹಿಡಿದು ಎಳೆದುಕೊಳ್ಳಬೇಕಾದವನು ನೀನು. ಇಷ್ಟು ವರ್ಷ ಕಾದು, ಹೊರಡುವ ಹೊತ್ತಿಗೆ ಒಂದು ಗಂಟಲು ನೋವಿಗೆ ಹಿಂದೆ ಸರಿದುಬಿಟ್ಟೆಯಲ್ಲ. ಗಂಟು ಸಣ್ಣದಾದರೆ ಬಂದಮೇಲೆ ಸುಡಿಸಿಕೊಳ್ಳಬಹುದಿತ್ತು. ಸಣ್ಣದಲ್ಲದಿದ್ದರೆ ಹಾಗೆಂದು ಹೇಳಬೇಕಿತ್ತು. ಈಗ ಮುಂದಾಳು ನೀನೇ ಎಂದು ನನ್ನ ತಲೆಗೆ ಕಟ್ಟಿದ್ದೀಯ. ಅಳತೆ ಹಿಡಿದು ತೋಳು ಹೊಲಿಯುವವಳು ನಾನು, ಇಬ್ಬರು ಗಂಡಸರ ಜೀವಕ್ಕೆ ಹೊಣೆ ಹೊರು ಅಂದರೆ ಹೇಗೆ? ಭಯವಾಗುತ್ತದೆ. ಹಾಗೆಂದು ಅವರಿಬ್ಬರ ಮುಂದೆ ಹೇಳುವಂತಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಬಸ್ಸಿನ ಕಂಡಕ್ಟರ ಕೈಯಲ್ಲಿ ನೀನು ಕಳಿಸಿದ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದರೆ, ನಿನ್ನ ಹೆಡ್‌ಫೋನ್! ನಾನು ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದೆ. ಕಿವಿಯ ಮೆತ್ತೆ ಬೇರೆ ಹೊಸದಾಗಿ ಹಾಕಿಸಿದ್ದೀಯ. ನನಗೆ ಸದ್ಯಕ್ಕೆ ಬೇಡ ಎಂದು ಚೀಟಿ. ಜೊತೆಗೆ ಆ ಕರೆ ಡಬ್ಬಿ. ನಮ್ಮ ಕರೆಯನ್ನು ಅದರಲ್ಲಿ ಒಮ್ಮೆ ಹೇಳಿಟ್ಟರೆ ಗುಂಡಿ ಒತ್ತಿದಾಗಲೆಲ್ಲ ಅದೇ ಕೂಗುತ್ತದೆ, ಕೂಗಿ ಕೂಗಿ ಗಂಟಲು ಹರಿದುಕೊಳ್ಳಬೇಕಾಗಿಲ್ಲ ಎಂದು ರೇಡಿಯೊ ಕ್ಲಬ್ಬಿನವರೆಲ್ಲ ಇಟ್ಟುಕೊಂಡಾಗ ನೀನೊಬ್ಬನೇ ಬೇಡ ಅಂದಿದ್ದೆ. ಗಂಟಲು ಇರೋವಾಗ ಡಬ್ಬಿ ಯಾಕೆ ಎಂದು ಎಲ್ಲರನ್ನೂ ಗೇಲಿ ಮಾಡಿದ್ದೆ. ಈಗ ಎಲ್ಲಿಂದ ತಂದೆ? ಅದರ ಮೇಲೆ, ದ್ವೀಪ ತಲುಪುವವರೆಗೂ ಮುಟ್ಟಬೇಡ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೀಯ. ಯಾಕಪ್ಪಾ? ಮನೆಯಲ್ಲಿ ಪರೀಕ್ಷೆ ಮಾಡದ ಒಂದು ಮೊಳೆಯನ್ನೂ ದ್ವೀಪಕ್ಕೆ ಒಯ್ಯಬಾರದು ಎಂದು ನನ್ನ ತಲೆ ತಿಂದವನು ನೀನೇ. ನಿನ್ನ ಮಾತನ್ನು ನಿನ್ನ ಮೇಲೇ ತಿರುಗಿಸುತ್ತಿದ್ದೇನೆ. ಈ ಕಾಗದ ಮುಗಿಸಿ ಲೈನ್‌ಮನ್ ಜೊತೆ ಕೂತು ಅದರಲ್ಲಿ ನನ್ನ ದನಿಯನ್ನು ತುಂಬುತ್ತೇನೆ. ನನ್ನ ಕರೆ ಗಿರಾಕಿಯ ಜೊತೆ ಜಗಳಕ್ಕೆ ಹೊರಟ ಹಾಗಿರುತ್ತದೆ ಎಂದು ಅವನ ಅಭಿಪ್ರಾಯ. ಇರಲಿ, ಹೆದರಿಕೊಂಡಾದರೂ ನಾಲ್ಕು ಜನ ಉತ್ತರ ಕೊಡುತ್ತಾರೆ.

ಜಗಳ ಅಂದಾಗ ನೆನಪಾಯಿತು. ಮೈಕಿನ ಗುಂಡಿಯ ಮೇಲೆ ಕತ್ತರಿ ಇಟ್ಟು ಮರೆತು, ಪ್ಯಾಂಟಿನ ಉದ್ದ ಕಮ್ಮಿಯಾಯಿತು ಎಂದು ಬಂದಿದ್ದ ಗಿರಾಕಿಯ ಜೊತೆ ನಾನು ಆಡಿದ ಜಗಳವನ್ನು ದೇಶದೇಶಗಳು ಕೇಳಿಸಿಕೊಂಡದ್ದು! ಆಮೇಲೆ ಎಷ್ಟು ದಿನ, ಪ್ಯಾಂಟು ಸರಿಹೋಯಿತಾ ಎಂದು ಎಲ್ಲೆಲ್ಲಿಂದಲೋ ವಿಚಾರಿಸುತ್ತಿದ್ದರು. ಅವತ್ತು ನೀನು ಮೈಕಿಗೆ ಅಂಟಿಸಿದ ಚೀಟಿ ಇನ್ನೂ ಹಾಗೇ ಇದೆ. ಮಾತು ಮುಗಿದ ಮೇಲೆ ಗುಂಡಿ ಬಿಡು, ಬಿಡದಿದ್ದರೆ ಮನೆಯ ಮಾತು ಊರಿಗೆ. ಅದನ್ನು ದ್ವೀಪಕ್ಕೂ ಒಯ್ಯುತ್ತೇನೆ, ಅಲ್ಲೂ ನಿನ್ನ ಬೈಗುಳ ಜೊತೆಗಿರಲಿ.

ಕಂಡಕ್ಟರು ಸಂಜೆಯ ಬಸ್ಸಿಗೆ ಇದನ್ನು ಒಯ್ಯುತ್ತಾರಂತೆ, ಅದಕ್ಕೆ ಮುಗಿಸುತ್ತೇನೆ. ಅತ್ತಿಗೆಗೆ ನನ್ನ ನಮಸ್ಕಾರ. ಇನ್ನೊಂದು ಸಲ ಹಾಗೆ ಫೋನ್ ಇಟ್ಟರೆ ಅವರ ರವಿಕೆಯ ಕೈ ಬಿಗಿಯಾಗಿ ಹೊಲಿದುಬಿಡುತ್ತೇನೆ ಎಂದು ಹೇಳು. ನಿನಗೆ ಬೇಗ ವಾಸಿಯಾಗಲಿ, ನಮ್ಮ ತಲೆಯ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ,
ಗಿಣಿ

ತಾ.ಕ.: ಅಣ್ಣಾ, ನೀನು ಗುಂಡಿ ಬಿಡಲು ಮರೆತಿದ್ದೀಯ.

ನನ್ನ ದನಿ ತುಂಬುವ ಮುಂಚೆ ಡಬ್ಬಿ ಖಾಲಿ ಇದೆಯಾ ನೋಡೋಣ ಎಂದು ಲೈನ್‌ಮನ್ ಒತ್ತಿದ. ನಿನ್ನ ದನಿ ಬಂತು. ಗೊಗ್ಗರಾಗಿದೆ, ಆದರೂ ನಿನ್ನದೇ. ದ್ವೀಪದ ಗುರುತು ಹೇಳಿ, ನಾವಿಲ್ಲಿದ್ದೇವೆ, ಯಾರಾದರೂ ಇದ್ದೀರಾ ಎಂದು ಕರೆದಿದ್ದೀಯ. ಮೇಷ್ಟ್ರು ಕನ್ನಡಕ ತೆಗೆದರು. ಅಲ್ಲಿಗೆ ನಿಂತಿದ್ದರೆ ನಾನೂ ಸಂತೋಷಕ್ಕೆ ಅತ್ತು ಸುಮ್ಮನಾಗುತ್ತಿದ್ದೆ. ಡಬ್ಬಿ ನಿಲ್ಲಲಿಲ್ಲ, ಅದರೊಳಗೆ ಕುರ್ಚಿ ಕಿರ್ ಅಂದಿತು, ಅತ್ತಿಗೆ ಸಾಕು ಮಾಡಿ ಅಂದರು. ನೀನು ಹೇಳಿದ್ದನ್ನು ನಿನಗೇ ಬರೆಯುತ್ತಿದ್ದೇನೆ. "ಶುಕ್ರವಾರ ಧ್ವನಿಪೆಟ್ಟಿಗೇನೇ ತೆಗೀತಾರೆ, ಇನ್ನು ಯಾರಿಗೆ ಅಂತ ಉಳಿಸಿಡ್ಲಿ? ಗಿಣಿಗೆ ಹೇಳ್ಬೇಡ. ಗೊತ್ತಾದ್ರೆ ಅವಳು ದೋಣಿ ಹತ್ತಲ್ಲ."

ಹತ್ತುವುದಿಲ್ಲ. ಸರಿಯಾಗಿಯೇ ಹೇಳಿದ್ದೀಯ. ನನಗೂ ಹೋಗಬೇಕಿತ್ತು, ಆ ಬಂಡೆಯ ಮೇಲೆ ಒಂದು ಸಲ ಕೂತು ಕರೆಯಬೇಕಿತ್ತು, ಆ ಹೊಟ್ಟೆಯುರಿ ಸಾಯುವವರೆಗೂ ಇರುತ್ತದೆ. ಇರಲಿ. ದೋಣಿ ಗುರುವಾರವೇ ಹೋಗುತ್ತದೆ, ನಿಲ್ಲಿಸುವುದಿಲ್ಲ. ಮೇಷ್ಟ್ರು ಮುಂದಾಳು. ಇಬ್ಬರಿಂದ ಆಗುತ್ತಾ ಎಂದು ಲೈನ್‌ಮನ್‌ನನ್ನು ಕೇಳಿದೆ. "ನಿದ್ದೆ ಕಮ್ಮಿ ಆಗುತ್ತೆ ಅಕ್ಕ, ಅಷ್ಟೇ" ಅಂದ. ಈಗ ಇಬ್ಬರೂ ಕೆಳಗೆ ಎರಡು ಹಗ್ಗ ಗೂಟಕ್ಕೆ ಕಟ್ಟಿ ಕಂಬ ಎತ್ತುವುದನ್ನು ಕಲಿಯುತ್ತಿದ್ದಾರೆ, ಸದ್ದು ಇಲ್ಲಿಗೆ ಕೇಳಿಸುತ್ತಿದೆ. ಮೇಜಿನಿಂದ ಮೇಷ್ಟ್ರು ಈ ಸಲ ಅಲೆ ಇದ್ದಾಗಲೇ ಹಾರಿದರು. ಡಬ್ಬಿಯಲ್ಲಿದ್ದ ದನಿಯ ಬಾಲ ಕತ್ತರಿಸಿ ನಿನ್ನ ಕರೆಯನ್ನಷ್ಟೇ ಉಳಿಸಿದ್ದೇವೆ, ಮನೆಯ ಮಾತು ಊರಿಗೆ ಹೋಗುವುದಿಲ್ಲ. ದ್ವೀಪದಿಂದ ಮೊದಲ ಕರೆ ನಿನ್ನದೇ.

ಅದನ್ನು ನೀನು ಕೇಳಬೇಕು. ಡಾಕ್ಟರ ಕಾಲು ಹಿಡಿದಾದರೂ ಪುಟ್ಟ ರೇಡಿಯೊವನ್ನು ಆಸ್ಪತ್ರೆಯ ಒಳಗೆ ತರುತ್ತೇನೆ. ಶನಿವಾರ ಅವರು ಕರೆಯಲು ಶುರುಮಾಡುವಾಗ ನಿನಗೆ ಎಚ್ಚರವಿಲ್ಲದಿದ್ದರೆ ಭಾನುವಾರ, ಅವರು ವಾರವಿಡೀ ಕರೆಯುತ್ತಾರೆ. ಹೆಡ್‌ಫೋನ್ ನನ್ನ ಚೀಲದಲ್ಲಿದೆ. ಒಂದು ಕಿವಿ ನಿನಗೆ, ಒಂದು ಕಿವಿ ನನಗೆ.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಬೇಡ ಎಂದು ಫೋನ್ ಮಾಡಿಸಬೇಡ, ಎತ್ತುವುದಿಲ್ಲ. ದೋಣಿ ಹತ್ತಲಿಲ್ಲ ಎಂದು ಬೈಯಬೇಕಲ್ಲವೇ ನಿನಗೆ? ಚೀಟಿಯಲ್ಲಿ ಬರೆಯಬೇಡ, ಬಾಯಲ್ಲೇ ಬೈ. ಡಾಕ್ಟರು ಏನಾದರೂ ಅಂದುಕೊಳ್ಳಲಿ, ಶುಕ್ರವಾರದವರೆಗೂ ಬೈಯುತ್ತಲೇ ಇರು. ಕೇಳಲು ಬರುತ್ತಿದ್ದೇನೆ.